ನಂದಿಕೂರಿನ ಸ್ಥಾವರ: ಇರುವುದನ್ನು ಸರಿಪಡಿಸುವುದೇ ಬೇರೆ, ಹೊಸದನ್ನು ಸೇರಿಸುವುದೇ ಬೇರೆ

ಕಾಪು ತಾಲೂಕಿನ ಎಲ್ಲೂರು, ನಂದಿಕೂರು ಸುತ್ತಮುತ್ತ ಕಲ್ಲಿದ್ದಲು ವಿದ್ಯುತ್ ಸ್ಥಾವರದ ವಿಷಯ ಬಂದರೆ ಸಾಕು, ಎರಡು ಗುಂಪಾಗುತ್ತದೆ. ಮುಚ್ಚಿಬಿಡಿ ಅನ್ನುವವರು ಒಂದು ಕಡೆ. ಕರೆಂಟು ಬೇಡವಾ, ಜಿಲ್ಲೆ ಮುಂದೆ ಬರುವುದು ಬೇಡವಾ ಅಂತ ಕೇಳುವವರು ಇನ್ನೊಂದು ಕಡೆ. ಈ ಜಗಳದಲ್ಲಿ ಒಂದು ಮುಖ್ಯ ಪ್ರಶ್ನೆ ಯಾವಾಗಲೂ ಬದಿಗೆ ಸರಿಯುತ್ತದೆ. ಈಗಾಗಲೇ ಇರುವ 1,200 ಮೆಗಾವ್ಯಾಟ್ ಸ್ಥಾವರವನ್ನು ಸುಧಾರಿಸುವುದು ಅಂದರೆ ನಿಜವಾಗಿ ಏನು ಮಾಡಬೇಕು? ಅದರಲ್ಲಿ ಎಷ್ಟು ಸಾಧ್ಯ, ಎಷ್ಟು ಸಾಧ್ಯವಿಲ್ಲ? ಈ ಲೇಖನ ಅದರ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಇರುವ ಘಟಕಗಳನ್ನು ಸರಿಪಡಿಸುವ ಕೆಲಸ ತುರ್ತಾಗಿ ಆಗಬೇಕು, ಅದನ್ನು ಯಾರೂ ವಿರೋಧಿಸಬೇಕಾಗಿಲ್ಲ. ಆದರೆ ಹೊಸ ಘಟಕ ಸೇರಿಸುವ ಯೋಜನೆಯನ್ನು ಅದರ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಿ ನಮ್ಮ ಮುಂದೆ ಇಟ್ಟರೆ ಒಪ್ಪಬಾರದು. ಇವೆರಡರ ಲೆಕ್ಕವೇ ಬೇರೆ.

ಹಳೆಯ ಕತೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಲ್ಲಿನ ಜನರ ಅಪನಂಬಿಕೆ ನಿನ್ನೆ ಮೊನ್ನೆಯದಲ್ಲ. 1990ರ ದಶಕದಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಇಲ್ಲಿ ಸುಮಾರು 1,000 ಮೆಗಾವ್ಯಾಟ್ ಸ್ಥಾವರ ಕಟ್ಟಲು ಬಂದಿತ್ತು. ಕೇಂದ್ರ ಸರ್ಕಾರ ಆಗ ಅವಸರದಲ್ಲಿ ಮುಂದೆ ತಳ್ಳುತ್ತಿದ್ದ ಎಂಟು ಖಾಸಗಿ ವಿದ್ಯುತ್ ಯೋಜನೆಗಳಲ್ಲಿ ಇದೂ ಒಂದು. ಹೋರಾಟ ನಡೆಯಿತು, ಕೋರ್ಟ್ ಕೇಸುಗಳು ನಡೆದವು, ಕೊನೆಗೆ 1999ರ ಡಿಸೆಂಬರಿನಲ್ಲಿ ಕಂಪನಿ ವಾಪಸ್ ಹೋಯಿತು. ಆಮೇಲೆ ನಾಗಾರ್ಜುನ ಬಂತು. ನಂತರ ಅದೇ ಯೋಜನೆ ಲ್ಯಾಂಕೋ ಕೈಗೆ ಹೋಗಿ ಉಡುಪಿ ಪವರ್ ಕಾರ್ಪೊರೇಷನ್, ಅಂದರೆ ಯುಪಿಸಿಎಲ್ ಆಯಿತು. 600 ಮೆಗಾವ್ಯಾಟಿನ ಮೊದಲ ಘಟಕ 2010ರಲ್ಲಿ ಶುರುವಾಯಿತು, ಎರಡನೆಯದು 2012ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು. 2015ರಲ್ಲಿ ಅದಾನಿ ಪವರ್ ಇದನ್ನು ಕೊಂಡುಕೊಂಡಿತು. 2023ರಲ್ಲಿ ಯುಪಿಸಿಎಲ್ ಆ ಕಂಪನಿಯೊಳಗೇ ವಿಲೀನವಾಯಿತು. ಊರಲ್ಲಿ ಮಾತ್ರ ಈಗಲೂ ಎಷ್ಟೋ ಮಂದಿ ಅದನ್ನು ನಾಗಾರ್ಜುನ ಅಂತಲೇ ಕರೆಯುತ್ತಾರೆ.

ಮಾಲೀಕರು ಬದಲಾದರು, ಯಂತ್ರ ಬದಲಾಗಲಿಲ್ಲ. ಹಾಗಾಗಿ ಮೊದಲು ಯಂತ್ರವನ್ನೇ ನೋಡೋಣ.

ಬಾಯ್ಲರ್ ಬದಲಾಯಿಸಲು ಆಗುತ್ತದಾ?

ಕಲ್ಲಿದ್ದಲು ಸ್ಥಾವರದ ಕೆಲಸ ಸರಳ. ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿ ಮಾಡಿ ಉರಿಸುತ್ತಾರೆ, ಆ ಬಿಸಿಗೆ ನೀರು ಉಗಿಯಾಗುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನಿನ ಜೊತೆ ಜನರೇಟರ್ ತಿರುಗುತ್ತದೆ. ಉಗಿಯ ಒತ್ತಡ ಮತ್ತು ತಾಪ ಎಷ್ಟು ಜಾಸ್ತಿಯೋ ಅಷ್ಟು ಕಡಿಮೆ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ಕರೆಂಟು ಬರುತ್ತದೆ. ನೀರಿಗೆ ಒಂದು ಗಡಿ ಇದೆ. 374 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 221 ಬಾರ್ ಒತ್ತಡ ದಾಟಿದ ಮೇಲೆ ನೀರು, ಉಗಿ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಈ ಒತ್ತಡಕ್ಕಿಂತ ಕೆಳಗೆ ನಡೆಯುವ ಬಾಯ್ಲರ್ ಸಬ್‌ಕ್ರಿಟಿಕಲ್, ಮೇಲೆ ನಡೆಯುವುದು ಸೂಪರ್‌ಕ್ರಿಟಿಕಲ್. ನಮ್ಮ ನಂದಿಕೂರಿನ ಎರಡೂ ಘಟಕಗಳು ಸಬ್‌ಕ್ರಿಟಿಕಲ್. ರಾಯಚೂರು ಹತ್ತಿರದ ಯರಮರಸ್‌ನ 800 ಮೆಗಾವ್ಯಾಟಿನ ಎರಡು ಘಟಕಗಳು ಸೂಪರ್‌ಕ್ರಿಟಿಕಲ್, ವಿಜಯಪುರ ಜಿಲ್ಲೆಯ ಕೂಡಗಿಯದ್ದೂ ಅಷ್ಟೇ.

ಸಬ್‌ಕ್ರಿಟಿಕಲ್ ಘಟಕ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ 36–37 ಭಾಗವನ್ನು ವಿದ್ಯುತ್ ಮಾಡುತ್ತದೆ. ಒಳ್ಳೆಯ ಸೂಪರ್‌ಕ್ರಿಟಿಕಲ್ ಘಟಕ 40–41 ಮುಟ್ಟುತ್ತದೆ. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಆದರೆ ಒಂದು ಯೂನಿಟ್ಟಿಗೆ ನೂರಕ್ಕೆ ಹತ್ತರಷ್ಟು ಕಲ್ಲಿದ್ದಲು ಉಳಿಯುತ್ತದೆ.

ಹಾಗಾದರೆ ನಂದಿಕೂರಿನ ಬಾಯ್ಲರನ್ನೇ ಸೂಪರ್‌ಕ್ರಿಟಿಕಲ್ ಮಾಡಬಾರದೇ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಬಾಯ್ಲರ್, ಟರ್ಬೈನ್, ಪೈಪು, ಪಂಪು ಎಲ್ಲವನ್ನೂ ಕಿತ್ತು ಹೊಸದು ಹಾಕಬೇಕು. ಅದು ಹೊಸ ಸ್ಥಾವರ ಕಟ್ಟಿದ ಹಾಗೆಯೇ. ಇರುವ ಘಟಕದಲ್ಲಿ ಮಾಡಬಹುದಾದದ್ದು ಬೇರೆ: ಟರ್ಬೈನಿನ ಅಲಗುಗಳನ್ನು ಉತ್ತಮ ವಿನ್ಯಾಸದವಕ್ಕೆ ಬದಲಾಯಿಸುವುದು, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ಬರ್ನರ್ ಹಾಕುವುದು, ಬೂದಿ ಹಿಡಿಯುವ ಯಂತ್ರವನ್ನು ಬಲಪಡಿಸುವುದು, ನಿಯಂತ್ರಣ ವ್ಯವಸ್ಥೆ ಹೊಸದು ಮಾಡುವುದು, ಉಗಿಯನ್ನು ಮತ್ತೆ ನೀರು ಮಾಡುವ ಕಂಡೆನ್ಸರಿನ ಕೊಳವೆಗಳನ್ನು ಸ್ವಚ್ಛ ಇಡುವುದು. ಇದರಿಂದ ದಕ್ಷತೆ ಸ್ವಲ್ಪ ಮಾತ್ರ ಹೆಚ್ಚುತ್ತದೆ. ದೊಡ್ಡ ಲಾಭ ಇರುವುದು ಹೊಗೆ, ಉಪ್ಪು, ಧೂಳಿನ ವಿಷಯದಲ್ಲಿ. ಅಂದರೆ ಸುತ್ತಲಿನ ಊರಿಗೆ.

ಈಗ ವಿಸ್ತರಣೆಯ ಲೆಕ್ಕ ನೋಡಿ. ಇಲ್ಲಿ 800 ಮೆಗಾವ್ಯಾಟಿನ ಎರಡು ಘಟಕ, ಒಟ್ಟು 1,600 ಮೆಗಾವ್ಯಾಟ್ ಸೇರಿಸುವ ಯೋಜನೆಗೆ 2017ರಲ್ಲಿ ಕೇಂದ್ರದ ಪರಿಸರ ಅನುಮತಿ ಸಿಕ್ಕಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ತಡೆಹಿಡಿಯಿತು. ಆಗ ಕೇಳಿಬಂದ ಮುಖ್ಯ ಸಮರ್ಥನೆ, ಹೊಸ ತಂತ್ರಜ್ಞಾನದಲ್ಲಿ ಮಾಲಿನ್ಯ ಕಡಿಮೆ ಎಂಬುದು. ಒಂದು ಯೂನಿಟ್ಟಿನ ಲೆಕ್ಕದಲ್ಲಿ ಅದು ನಿಜ. ಒಟ್ಟು ಲೆಕ್ಕದಲ್ಲಿ?

ಒಂದು ಅಂದಾಜು ಹಾಕೋಣ. 1,200 ಮೆಗಾವ್ಯಾಟ್ ಇಡೀ ದಿನ ಪೂರ್ತಿ ಓಡಿದರೆ 2 ಕೋಟಿ 88 ಲಕ್ಷ ಯೂನಿಟ್ ಆಗುತ್ತದೆ. ಒಂದು ಯೂನಿಟ್ಟಿಗೆ 2,350 ಕಿಲೋ ಕ್ಯಾಲೊರಿ ಶಾಖ ಬೇಕು ಅಂತ ಇಟ್ಟುಕೊಳ್ಳಿ, ಕಿಲೋಗೆ 5,000 ಕಿಲೋ ಕ್ಯಾಲೊರಿ ಇರುವ ಆಮದು ಕಲ್ಲಿದ್ದಲು ಅಂತ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು 13,500 ಟನ್ ಕಲ್ಲಿದ್ದಲು ಬೇಕು. ಇನ್ನು 1,600 ಮೆಗಾವ್ಯಾಟ್ ಹೊಸ ಘಟಕಗಳು ಯೂನಿಟ್ಟಿಗೆ 2,100 ಕಿಲೋ ಕ್ಯಾಲೊರಿಯಲ್ಲೇ ನಡೆಯುತ್ತವೆ ಅನ್ನಿ, ಆಗಲೂ ದಿನಕ್ಕೆ 16,000 ಟನ್ ಮೀರುತ್ತದೆ. ಎರಡೂ ಸೇರಿದರೆ ಅದೇ ಜಾಗದಲ್ಲಿ, ಅದೇ ಗಾಳಿಯಲ್ಲಿ ದಿನಕ್ಕೆ 29,000 ಟನ್ನಿಗಿಂತ ಜಾಸ್ತಿ ಉರಿಯುತ್ತದೆ. ಹಳೆಯ ಎರಡು ಘಟಕ ಮುಚ್ಚಿ ಹೊಸದು ಕಟ್ಟುವುದಾದರೆ ಮಾತು ಬೇರೆ. ಹಳೆಯದು ಹಾಗೆಯೇ ಇದ್ದು ಹೊಸದು ಪಕ್ಕದಲ್ಲಿ ಬಂದರೆ, ದಕ್ಷತೆ ಹೆಚ್ಚಿತು ಎನ್ನುವುದರಿಂದ ಎಲ್ಲೂರಿನವರಿಗೆ ಏನೂ ಸಿಗುವುದಿಲ್ಲ.

ಉಪ್ಪಿನ ಪ್ರಶ್ನೆ

ನನ್ನ ಪ್ರಕಾರ ನಂದಿಕೂರಿನ ಅತಿ ದೊಡ್ಡ ಸಮಸ್ಯೆ ಚಿಮಣಿಯ ಹೊಗೆಗಿಂತ ಹೆಚ್ಚಾಗಿ ಉಪ್ಪು. ಹೊರಗಿನವರಿಗೆ ಇದು ಬೇಗ ಅರ್ಥವಾಗುವುದಿಲ್ಲ. ಕಲ್ಲಿದ್ದಲು ಸ್ಥಾವರದಿಂದ ಉಪ್ಪು ಎಲ್ಲಿಂದ ಬಂತು?

ಟರ್ಬೈನ್ ತಿರುಗಿಸಿದ ಉಗಿಯನ್ನು ಮತ್ತೆ ನೀರು ಮಾಡಬೇಕು. ಅದಕ್ಕೆ ತಂಪು ನೀರು ಬೇಕು, ಅದೂ ಭಾರೀ ಪ್ರಮಾಣದಲ್ಲಿ. ಒಳನಾಡಿನ ಸ್ಥಾವರಗಳು ನದಿ ನೀರು ಬಳಸುತ್ತವೆ, ರಾಯಚೂರಿನ ಶಕ್ತಿನಗರಕ್ಕೆ ಕೃಷ್ಣಾ ಇದೆ. ಇಲ್ಲಿ ಅರಬ್ಬೀ ಸಮುದ್ರದಿಂದ ಪೈಪಿನಲ್ಲಿ ನೀರು ತಂದು ಕೂಲಿಂಗ್ ಟವರಿನಲ್ಲಿ ಸುತ್ತಿಸುತ್ತಾರೆ. ಟವರಿನಲ್ಲಿ ನೀರು ಮೇಲಿಂದ ಹನಿಹನಿಯಾಗಿ ಬೀಳುತ್ತದೆ, ಗಾಳಿ ಕೆಳಗಿಂದ ಮೇಲೆ ಹೋಗುತ್ತದೆ, ಒಂದಷ್ಟು ನೀರು ಆವಿಯಾಗಿ ಉಳಿದದ್ದು ತಣ್ಣಗಾಗುತ್ತದೆ. ಆವಿಯಲ್ಲಿ ಉಪ್ಪು ಇರುವುದಿಲ್ಲ. ಆದರೆ ಗಾಳಿಯ ಜೊತೆ ತೀರಾ ಸಣ್ಣ ಹನಿಗಳೂ ಹಾರಿಹೋಗುತ್ತವೆ, ಅದರಲ್ಲಿ ಉಪ್ಪು ಇದ್ದೇ ಇರುತ್ತದೆ. ಇದನ್ನು ತಡೆಯಲು ಟವರಿನ ಒಳಗೆ ಅಂಕುಡೊಂಕಾದ ತಡೆಗಳನ್ನು ಹಾಕುತ್ತಾರೆ, ಗಾಳಿ ತಿರುಗುವಾಗ ಹನಿ ಅದಕ್ಕೆ ಬಡಿದು ಕೆಳಗೆ ಬೀಳಬೇಕು.

ತಡೆ ಚೆನ್ನಾಗಿದ್ದರೆ ಲಕ್ಷಕ್ಕೆ ಒಂದೆರಡು ಭಾಗ ನೀರು ಮಾತ್ರ ಹಾರುತ್ತದೆ. ಕೇಳಲು ಏನೂ ಇಲ್ಲ ಅನ್ನಿಸುತ್ತದೆ ಅಲ್ವಾ? ಒಂದು ಉದಾಹರಣೆ ತೆಗೆದುಕೊಳ್ಳಿ. ಗಂಟೆಗೆ ಒಂದು ಲಕ್ಷ ಘನ ಮೀಟರ್ ಸಮುದ್ರದ ನೀರು ಸುತ್ತುವ ಟವರ್ ಇದೆ ಅನ್ನಿ. ಲಕ್ಷಕ್ಕೆ ಎರಡು ಭಾಗ ಅಂದರೆ ಗಂಟೆಗೆ 2 ಘನ ಮೀಟರ್, 2,000 ಲೀಟರ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಟವರಿನಲ್ಲಿ ಆವಿಯಾಗುತ್ತಾ ಅದು ಇನ್ನೂ ಗಟ್ಟಿಯಾಗುತ್ತದೆ, 45 ಗ್ರಾಂ ಅಂತ ಇಟ್ಟುಕೊಳ್ಳಿ. ಗಂಟೆಗೆ 90 ಕಿಲೋ ಉಪ್ಪು. ದಿನಕ್ಕೆ 2 ಟನ್ನಿಗೂ ಮೇಲೆ. ಇದು ತಡೆ ಸರಿಯಾಗಿ ಕೆಲಸ ಮಾಡುವಾಗಿನ ಲೆಕ್ಕ. ತಡೆ ಮುರಿದಿದ್ದರೆ, ಪಾಚಿ ಹಿಡಿದಿದ್ದರೆ, ಅಲ್ಲಲ್ಲಿ ತೂತು ಬಿದ್ದಿದ್ದರೆ ಹತ್ತು ಪಟ್ಟು ಆಗಲು ಹೆಚ್ಚು ಹೊತ್ತು ಬೇಡ.

ಆ ಉಪ್ಪು ಎಲ್ಲಿ ಬೀಳುತ್ತದೆ? ಗಾಳಿ ಬೀಸಿದ ಕಡೆ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲಿಂದ ಗಾಳಿ ಬೀಸುತ್ತದೆ, ಅದು ಒಳಗಿನ ತೋಟ, ಗದ್ದೆಗಳ ಮೇಲೆ ಹೋಗುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಹೊಸದೇನೂ ಅಲ್ಲ, ಕಡಲ ದಡದಲ್ಲಿ ತೆಂಗು ಅದನ್ನು ತಡೆದುಕೊಳ್ಳುತ್ತದೆ. ಆದರೆ ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ, ಸಿಹಿನೀರಿನ ಮೇಲೆ ಬದುಕುವ ಮಲ್ಲಿಗೆ ಗಿಡಕ್ಕೆ ಅಭ್ಯಾಸವಿಲ್ಲ. ಶಂಕರಪುರ ಮಲ್ಲಿಗೆಗೆ ಈ ಜಿಲ್ಲೆಯಲ್ಲಿ ಇರುವ ಬೆಲೆ ಎಲ್ಲರಿಗೂ ಗೊತ್ತು. ಅದು ದೊಡ್ಡ ಜಮೀನಿನ ಬೆಳೆಯಲ್ಲ. ಅಂಗಳದ ಬದಿಯಲ್ಲಿ ಕೆಲವು ಸೆಂಟ್ಸ್ ಜಾಗದಲ್ಲಿ ಗಿಡ ಇಟ್ಟು, ಮುಂಜಾನೆ ಮೊಗ್ಗು ಕೊಯ್ದು, ಕಟ್ಟಿ, ಆ ದಿನದ ಕಟ್ಟೆ ರೇಟಿಗೆ ಕೊಟ್ಟು ಹೆಂಗಸರು ಮನೆ ನಡೆಸುವ ಬೆಳೆ. ಸ್ಥಾವರ ಬಂದ ಮೇಲೆ ಮೊಗ್ಗು ಕರಟುತ್ತಿದೆ, ಇಳುವರಿ ಇಳಿದಿದೆ ಎಂಬ ದೂರನ್ನು ಈ ಭಾಗದ ಬೆಳೆಗಾರರು ವರ್ಷಗಳಿಂದ ಹೇಳುತ್ತಿದ್ದಾರೆ. ಇದನ್ನು ಸುಮ್ನೆ ವಿರೋಧಕ್ಕಾಗಿ ಹೇಳುವ ಮಾತು ಅಂತ ತಳ್ಳಿಹಾಕುವುದು ಅನ್ಯಾಯ.

ಇನ್ನೊಂದು ದಾರಿ ನೆಲದ್ದು. ನಮ್ಮದು ಮುರಕಲ್ಲಿನ ನೆಲ, ತೂತು ತೂತಾದ ಕಲ್ಲು. ಮೇಲೆ ಚೆಲ್ಲಿದ ನೀರು ಬೇಗ ಕೆಳಗಿಳಿದು ಬಾವಿ ಸೇರುತ್ತದೆ. ಸಮುದ್ರದ ನೀರು ಸಾಗುವ ಪೈಪಿನಲ್ಲಿ ಸೋರಿಕೆಯಾದರೆ, ಬೂದಿ ಹೊಂಡದ ತಳ ಬಿಗಿಯಾಗಿಲ್ಲದಿದ್ದರೆ, ಅದರ ಪರಿಣಾಮ ಸುತ್ತಲಿನ ಬಾವಿಗಳಲ್ಲಿ ಕಾಣುತ್ತದೆ. ಸುತ್ತಲಿನ ಮನೆಗಳ ಬಾವಿ ನೀರು ಉಪ್ಪಾಗಿದೆ ಎಂಬುದು ಇಲ್ಲಿಯ ಹೋರಾಟದ ಕೇಂದ್ರ ದೂರು. ನಂದಿಕೂರು ಜನಜಾಗೃತಿ ಸಮಿತಿ ಇದನ್ನು ಹಿಡಿದು ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿತು. 2022ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಕಂಪನಿಗೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಲು ಆದೇಶಿಸಿತು. ಒಂದು ಸಣ್ಣ ಊರಿನ ಸಮಿತಿ ಇಷ್ಟು ದೂರ ಹೋದದ್ದು ಸಣ್ಣ ವಿಷಯವಲ್ಲ.

ಹಾಗಾದರೆ ಮಾಡಬೇಕಾದ ಕೆಲಸ ಯಾವುದು? ಟವರಿನ ಹನಿ ತಡೆಗಳನ್ನು ಇಂದಿನ ಉತ್ತಮ ಗುಣಮಟ್ಟದವಕ್ಕೆ ಬದಲಾಯಿಸಿ, ಪ್ರತಿ ವರ್ಷ ಹಾರುವ ಹನಿಯನ್ನು ಹೊರಗಿನವರಿಂದ ಅಳೆಸಿ, ಆ ಅಂಕಿಯನ್ನು ಪ್ರಕಟಿಸಬೇಕು. ಸಮುದ್ರ ನೀರಿನ ಪೈಪಿಗೆ ಸೋರಿಕೆ ಪತ್ತೆ ಮಾಡುವ ವ್ಯವಸ್ಥೆ ಬೇಕು. ಬೂದಿ ಹೊಂಡದ ತಳದ ಹೊದಿಕೆಯ ಸ್ಥಿತಿ ಪರೀಕ್ಷಿಸಬೇಕು. ಬಾಯ್ಲರ್ ಕೆಲಸಕ್ಕೆ ಹೋಲಿಸಿದರೆ ಇದಕ್ಕೆಲ್ಲ ಖರ್ಚು ತೀರಾ ಕಡಿಮೆ. ತಂತ್ರಜ್ಞಾನವೂ ಹೊಸದಲ್ಲ.

ಚಿಮಣಿ, ಗಂಧಕ, ಮತ್ತು ಸಡಿಲವಾದ ನಿಯಮ

ಒಂದು ವಿಷಯದಲ್ಲಿ ನಂದಿಕೂರು ದೇಶದ ಹೆಚ್ಚಿನ ಸ್ಥಾವರಗಳಿಗಿಂತ ಮುಂದಿತ್ತು, ಅದನ್ನು ಹೇಳಬೇಕು. ಹೊಗೆಯಲ್ಲಿನ ಸಲ್ಫರ್ ಡೈಆಕ್ಸೈಡ್ ತೊಳೆಯುವ ಎಫ್‌ಜಿಡಿ ಯಂತ್ರ ಇಲ್ಲಿ ಮೊದಲಿಂದಲೂ ಇದೆ. ಆ ಕಾಲಕ್ಕೆ ಮುಂಬಯಿಯ ಟ್ರಾಂಬೆ, ದಹಾಣು ತರಹದ ಬೆರಳೆಣಿಕೆಯ ಕಡೆ ಮಾತ್ರ ಅದು ಇತ್ತು.

2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಎಲ್ಲ ಕಲ್ಲಿದ್ದಲು ಸ್ಥಾವರಗಳಿಗೂ ಹೊಸ ಮಿತಿ ಹಾಕಿತು. ನಮ್ಮಂಥ, 2003ರ ನಂತರ ಮತ್ತು 2017ಕ್ಕೆ ಮೊದಲು ಬಂದ ದೊಡ್ಡ ಘಟಕಗಳಿಗೆ ಬೂದಿಕಣ ಒಂದು ಘನ ಮೀಟರ್ ಹೊಗೆಯಲ್ಲಿ 50 ಮಿಲಿಗ್ರಾಂ, ಸಲ್ಫರ್ ಡೈಆಕ್ಸೈಡ್ 200 ಮಿಲಿಗ್ರಾಂ ದಾಟಬಾರದು. ನೈಟ್ರೋಜನ್ ಆಕ್ಸೈಡಿಗೆ ಮೊದಲು 300 ಇತ್ತು, ಆಮೇಲೆ 450 ಮಾಡಿದರು. ಎರಡೇ ವರ್ಷದಲ್ಲಿ ಜಾರಿಯಾಗಬೇಕಿತ್ತು. ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ 2025ರ ಜುಲೈಯಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಎಫ್‌ಜಿಡಿ ಹಾಕುವುದರಿಂದಲೇ ವಿನಾಯ್ತಿ ಕೊಟ್ಟರು. ದೆಹಲಿ ಸುತ್ತಲಿನ ಪ್ರದೇಶ ಅಥವಾ ಹತ್ತು ಲಕ್ಷಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರದಿಂದ 10 ಕಿಲೋಮೀಟರ್ ಒಳಗಿರುವ ಸ್ಥಾವರಗಳಿಗೆ ಮಾತ್ರ 2027ರ ಕೊನೆಯ ಗಡುವು ಉಳಿಯಿತು. ತೀರಾ ಮಲಿನ ಎಂದು ಗುರುತಿಸಿದ ಪ್ರದೇಶಗಳ ಹತ್ತಿರದವನ್ನು ಒಂದೊಂದಾಗಿ ನೋಡಿ ತೀರ್ಮಾನ ಅಂದರು.

ಉಡುಪಿ, ದಕ್ಷಿಣ ಕನ್ನಡದಲ್ಲಿ ಹತ್ತು ಲಕ್ಷ ದಾಟಿದ ನಗರ ಇಲ್ಲ. 2011ರ ಜನಗಣತಿಯಲ್ಲಿ ಮಂಗಳೂರು ಹತ್ತಿರವೂ ಬರಲಿಲ್ಲ. ನಗರದ ಗಾತ್ರ ನೋಡಿ ಗಾಳಿಯ ಶುದ್ಧತೆ ತೀರ್ಮಾನಿಸುವ ಈ ನಿಯಮ ನನಗೆ ಸರಿ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಊರು ಮುಗಿದು ಕಾಡು, ಕಾಡು ಮುಗಿದು ಊರು ಅಂತ ಇಲ್ಲವೇ ಇಲ್ಲ. ಮನೆಗಳು ಸಾಲಾಗಿ ಹರಡಿಕೊಂಡೇ ಇರುತ್ತವೆ, ಪೂರ್ವಕ್ಕೆ ಹೋದರೆ ಪಶ್ಚಿಮ ಘಟ್ಟ.

ಯಂತ್ರ ಇದ್ದರೆ ಸಾಲದು, ಅದು ಓಡಬೇಕು. ಎಫ್‌ಜಿಡಿ ಓಡಿಸಲು ಸ್ಥಾವರ ತನ್ನದೇ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಭಾಗದಷ್ಟನ್ನು ಖರ್ಚು ಮಾಡಬೇಕಾಗುತ್ತದೆ. ಹಾಗಾಗಿ ಅದನ್ನು ನಿಲ್ಲಿಸಿಡುವ ಆಸೆ ಯಾವ ಸ್ಥಾವರಕ್ಕಾದರೂ ಇರುತ್ತದೆ, ನಿಯಮ ಸಡಿಲವಾದ ಮೇಲೆ ಇನ್ನೂ ಜಾಸ್ತಿ. ಇದನ್ನು ತಡೆಯುವ ದಾರಿ ಒಂದೇ, ಅಂಕಿಅಂಶ ಬಯಲಲ್ಲಿ ಇರಬೇಕು. ಚಿಮಣಿಯಲ್ಲಿ ಸದಾ ಅಳೆಯುವ ಉಪಕರಣ ಕೂರಿಸಿ ಆ ಮಾಹಿತಿಯನ್ನು ನೇರವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕೆಂದು 2014ರಲ್ಲೇ ಕೇಂದ್ರ ಮಂಡಳಿ ಆದೇಶ ಮಾಡಿದೆ. ಆ ಅಂಕಿ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ ಅಂದಮೇಲೆ ಎಲ್ಲೂರು ಪಂಚಾಯತಿನ ಗೋಡೆಯ ಮೇಲೂ ಬರಬಹುದು. ಒಂದು ಪರದೆ ಹಾಕಿ, ಕನ್ನಡದಲ್ಲಿ, ಈ ಗಂಟೆಯ ಅಂಕಿ ಮತ್ತು ಮಿತಿ ಪಕ್ಕಪಕ್ಕ ತೋರಿಸಲಿ.

ಕಲ್ಲಿದ್ದಲು ಬರುವ ದಾರಿಯ ಬಗ್ಗೆಯೂ ಒಂದು ಮಾತು. ಹಡಗು ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುತ್ತದೆ, ಅಲ್ಲಿಂದ ಕೊಂಕಣ ರೈಲ್ವೆಯಲ್ಲಿ ಪಡುಬಿದ್ರಿಗೆ. ಒಂದು ಗೂಡ್ಸ್ ರೈಲು ಸುಮಾರು 4,000 ಟನ್ ಹೊರುತ್ತದೆ, ಅಂದರೆ ಸ್ಥಾವರ ಪೂರ್ತಿ ಓಡುವ ದಿನ ಮೂರು ನಾಲ್ಕು ರೈಲು ಬೇಕು. ಇಂಡೋನೇಷ್ಯಾದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಆದರೆ ರಾಶಿ ಹಾಕಿಟ್ಟರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ರಾಶಿಯನ್ನು ಒತ್ತಿ ಗಟ್ಟಿ ಮಾಡಬೇಕು, ನೀರು ಚಿಮುಕಿಸುತ್ತಿರಬೇಕು, ಬೇಸಿಗೆಯಲ್ಲಿ ಧೂಳು ಹಾರದಂತೆ ಮುಚ್ಚಬೇಕು. ಮುಚ್ಚಿದ ಶೆಡ್ ಮತ್ತು ಮುಚ್ಚಿದ ಕನ್ವೇಯರ್ ಇಲ್ಲಿ ಆಗಬೇಕಾದ ಸುಧಾರಣೆಗಳ ಪಟ್ಟಿಯಲ್ಲಿ ಮೇಲೆ ಇರಬೇಕು.

ಆಮದು ಕಲ್ಲಿದ್ದಲು ದುಬಾರಿ, ದೇಶದ ಕಲ್ಲಿದ್ದಲು ಬೆರೆಸಿ ಅನ್ನುವ ಸಲಹೆ ಆಗಾಗ ಬರುತ್ತದೆ. ಸ್ವಾವಲಂಬನೆ ಅಂತ ಕೇಳಿದರೆ ಚೆನ್ನಾಗಿಯೇ ಇದೆ. ಆದರೆ ಬೂದಿಯ ಲೆಕ್ಕ ನೋಡಿ. ಆಮದು ಕಲ್ಲಿದ್ದಲಿನಲ್ಲಿ ನೂರಕ್ಕೆ 7 ಬೂದಿ ಇದ್ದರೆ, 13,500 ಟನ್ನಿಗೆ ದಿನಕ್ಕೆ 950 ಟನ್ ಹತ್ತಿರ. ದೇಶದ ಕಲ್ಲಿದ್ದಲಿನಲ್ಲಿ 35ರ ಆಸುಪಾಸು ಬೂದಿ, ಶಾಖವೂ ಕಡಿಮೆ, ಹಾಗಾಗಿ ದಿನಕ್ಕೆ 19,000 ಟನ್ ಉರಿಸಬೇಕು, ಬೂದಿ 6,700 ಟನ್. ಪೂರ್ತಿ ಬದಲಾಯಿಸಿದರೆ ಏಳು ಪಟ್ಟು. ಅಷ್ಟು ಬೂದಿ ಹಾಕಲು ಈ ತಾಲೂಕಿನಲ್ಲಿ ಜಾಗವೇ ಇಲ್ಲ. ಎಲ್ಲ ಬೂದಿಯನ್ನೂ ಸಿಮೆಂಟ್, ಇಟ್ಟಿಗೆ, ರಸ್ತೆಗೆ ಬಳಸಬೇಕೆಂದು 2021ರ ಕೊನೆಯ ಅಧಿಸೂಚನೆ ಹೇಳುತ್ತದೆ ನಿಜ, ಆದರೆ ನಮ್ಮ ಮಳೆಗಾಲದ ನಾಲ್ಕು ತಿಂಗಳು ಕಟ್ಟಡ ಕೆಲಸವೇ ನಿಂತಿರುತ್ತದೆ.

ಸೂರ್ಯ ಇರುವಾಗ ತಗ್ಗಬೇಕು, ಸಂಜೆ ಏರಬೇಕು

ಈಗ ರಾಜ್ಯದ ಮಟ್ಟಕ್ಕೆ ಬರೋಣ. ಕರ್ನಾಟಕದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿಯಾಗಿದೆ. ಫೆಬ್ರವರಿಯಿಂದ ಏಪ್ರಿಲ್ ತನಕ, ಪಂಪ್‌ಸೆಟ್ಟುಗಳೂ ಫ್ಯಾನು-ಎಸಿಗಳೂ ಒಟ್ಟಿಗೆ ಓಡುವಾಗ ಅದು ತುದಿ ಮುಟ್ಟುತ್ತದೆ. ಹಾಗಂತ ಹಗಲು ಹೊತ್ತಿನಲ್ಲಿ ಕೊರತೆ ಮೊದಲಿನಷ್ಟಿಲ್ಲ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಿಂದ ಹಿಡಿದು ಎಷ್ಟೋ ಕಡೆಯ ಸೌರ ವಿದ್ಯುತ್ ಬರುತ್ತದೆ. ಸಮಸ್ಯೆ ಶುರುವಾಗುವುದು ಸಂಜೆ ಆರರ ಮೇಲೆ. ಸೂರ್ಯ ಮುಳುಗುತ್ತಾನೆ, ಮನೆಗಳಲ್ಲಿ ಲೈಟು ಹತ್ತುತ್ತದೆ, ಎರಡು ಮೂರು ಗಂಟೆಯೊಳಗೆ ಸಾವಿರಾರು ಮೆಗಾವ್ಯಾಟ್ ಬೇರೆ ಕಡೆಯಿಂದ ಬರಬೇಕು.

ಅಂದರೆ ಇಂದಿನ ಕಲ್ಲಿದ್ದಲು ಸ್ಥಾವರದಿಂದ ನಮಗೆ ಬೇಕಾದ ಗುಣ ಬದಲಾಗಿದೆ. ಹಗಲು ತಗ್ಗಬೇಕು, ಸಂಜೆ ಬೇಗ ಏರಬೇಕು. 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಇದಕ್ಕೇ ನಿಯಮ ತಂದಿತು: ಘಟಕಗಳು ಮೊದಲು ತಮ್ಮ ಸಾಮರ್ಥ್ಯದ ನೂರಕ್ಕೆ 55ಕ್ಕೆ ಇಳಿಯಲು ಶಕ್ತವಾಗಬೇಕು, ಆಮೇಲೆ ಹಂತಹಂತವಾಗಿ 40ಕ್ಕೆ.

ಹೇಳಿದಷ್ಟು ಸುಲಭ ಅಲ್ಲ ಇದು. ಕಲ್ಲಿದ್ದಲು ಬಾಯ್ಲರನ್ನು ಇಡೀ ದಿನ ಒಂದೇ ಉರಿಯಲ್ಲಿ ನಡೆಯಲಿ ಎಂದು ಕಟ್ಟಿರುತ್ತಾರೆ, ಕುಚ್ಚಲಕ್ಕಿ ಬೇಯಿಸುವ ಸೌದೆ ಒಲೆಯ ಹಾಗೆ, ಗ್ಯಾಸ್ ಸ್ಟೌ ತರಹ ತಿರುಗಿಸಿದ ಕೂಡಲೇ ಏರಿಸಿ ಇಳಿಸಲು ಬರುವುದಿಲ್ಲ. ಬಾಯ್ಲರಿನ ಡ್ರಮ್, ಉಗಿ ಪೈಪು, ಟರ್ಬೈನಿನ ಕವಚ ಎಲ್ಲ ದಪ್ಪ ಉಕ್ಕಿನವು. ಬೇಗ ಬಿಸಿ ಮಾಡಿ ಬೇಗ ತಣಿಸಿದರೆ ಒಳಗೂ ಹೊರಗೂ ತಾಪದ ವ್ಯತ್ಯಾಸವಾಗಿ ಬಿರುಕು ಬಿಡುತ್ತವೆ. ಉರಿ ತೀರಾ ತಗ್ಗಿದರೆ ಬೆಂಕಿ ಅಸ್ಥಿರವಾಗುತ್ತದೆ, ಎಣ್ಣೆ ಸುರಿದು ಕಾಪಾಡಬೇಕಾಗುತ್ತದೆ. ಹೊಸ ನಿಯಂತ್ರಣ ವ್ಯವಸ್ಥೆ, ಬೆಂಕಿಯನ್ನು ಗಮನಿಸುವ ಉತ್ತಮ ಉಪಕರಣ, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳ ಸುಧಾರಣೆ, ಜೊತೆಗೆ ನಡೆಸುವವರಿಗೆ ತರಬೇತಿ ಬೇಕು. ಕಡಿಮೆ ಉರಿಯಲ್ಲಿ ದಕ್ಷತೆ ಬೀಳುತ್ತದೆ, ಯಂತ್ರದ ಆಯುಸ್ಸೂ ಸವೆಯುತ್ತದೆ. ಆ ಖರ್ಚನ್ನು ದರದಲ್ಲಿ ಸೇರಿಸಲೇಬೇಕು. ಆದರೂ ನಂದಿಕೂರಿನಲ್ಲಿ ಹಣ ಹಾಕಬೇಕಾದ ಜಾಗ ಇದೇ ಅಂತ ನಾನು ಹೇಳುವುದು ಯಾಕೆಂದರೆ, ಇದರಿಂದ ಒಂದು ಟನ್ ಕಲ್ಲಿದ್ದಲೂ ಜಾಸ್ತಿ ಉರಿಸದೆ ರಾಜ್ಯದ ಸಂಜೆಯ ಕೊರತೆಗೆ ಇದೇ ಘಟಕಗಳು ನೆರವಾಗುತ್ತವೆ, ಸೌರ ವಿದ್ಯುತ್ತಿಗೂ ಜಾಗ ಸಿಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಸ್ಥಾವರ ಇದೆ, ಈ ಕೆಲಸವನ್ನು ನಿಮಿಷಗಳಲ್ಲಿ ಮಾಡುವಂಥದ್ದು. ಕುಂದಾಪುರದ ಕಡೆಯ ಹೊಸಂಗಡಿಯ ವಾರಾಹಿ ಭೂಗರ್ಭ ಜಲವಿದ್ಯುತ್ ಸ್ಥಾವರ, 460 ಮೆಗಾವ್ಯಾಟ್. ನೀರು ಬಿಟ್ಟರೆ ಓಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಅದರ ಮಿತಿ ಅಣೆಕಟ್ಟಿನ ನೀರು ಮಾತ್ರ. ಬೇಸಿಗೆಯ ಕೊನೆಗೆ ನೀರು ತಗ್ಗಿದಾಗ ಮತ್ತೆ ಕಲ್ಲಿದ್ದಲಿಗೇ ಬರಬೇಕು, ಅಷ್ಟರಮಟ್ಟಿಗೆ ನಂದಿಕೂರನ್ನು ಇವತ್ತೇ ಮುಚ್ಚಿ ಅನ್ನುವವರ ಮಾತಿಗೂ ನಾನು ದನಿಗೂಡಿಸಲಾರೆ.

ದುಡ್ಡಿನ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ಸ್ಥಾವರದ ಜೊತೆ ರಾಜ್ಯದ ಎಸ್ಕಾಂಗಳಿಗೆ, ಅಂದರೆ ಮೆಸ್ಕಾಂ ತರಹದ ವಿದ್ಯುತ್ ಸರಬರಾಜು ಕಂಪನಿಗಳಿಗೆ, 25 ವರ್ಷದ ಒಪ್ಪಂದ ಇದೆ. ಅದರ ವಿದ್ಯುತ್ತಿನಲ್ಲಿ ನೂರಕ್ಕೆ 90 ಕರ್ನಾಟಕಕ್ಕೆ, 10 ಪಂಜಾಬಿಗೆ ಎಂದು ಒಪ್ಪಂದ ಮಾಡಿಕೊಂಡಿದ್ದರು. ದರದಲ್ಲಿ ಎರಡು ಭಾಗ. ಒಂದು ಸ್ಥಿರ ವೆಚ್ಚ, ಸ್ಥಾವರ ಓಡಲು ತಯಾರಿದ್ದರೆ ಕರೆಂಟು ಕೊಳ್ಳದಿದ್ದರೂ ಕೊಡಬೇಕು. ಇನ್ನೊಂದು ಇಂಧನದ್ದು, ಕೊಂಡಷ್ಟಕ್ಕೆ. ಅಗ್ಗದ ವಿದ್ಯುತ್ತನ್ನು ಮೊದಲು ಕೊಳ್ಳಬೇಕು ಎಂಬುದು ನಿಯಮ. ಆಮದು ಕಲ್ಲಿದ್ದಲು ದುಬಾರಿ, ಹಾಗಾಗಿ ಮಳೆಗಾಲದಲ್ಲಿ, ಬೇಡಿಕೆ ತಗ್ಗಿದ ಹೊತ್ತಿನಲ್ಲಿ ಮೊದಲು ತಗ್ಗುವುದು ಇಂಥ ಸ್ಥಾವರವೇ. ಆಗಲೂ ಸ್ಥಿರ ವೆಚ್ಚ ಮೆಸ್ಕಾಂ ಬಿಲ್ಲಿನಲ್ಲಿ ನಮ್ಮ ಮನೆಗೆ ಬರುತ್ತದೆ. ಇಂಡೋನೇಷ್ಯಾದಲ್ಲಿ ಏನಾದರೂ ಆದರೆ ಅದೂ ಇಲ್ಲಿ ತಟ್ಟುತ್ತದೆ. 2022ರ ಜನವರಿಯಲ್ಲಿ ಆ ದೇಶ ಕಲ್ಲಿದ್ದಲು ರಫ್ತನ್ನೇ ಕೆಲವು ವಾರ ನಿಲ್ಲಿಸಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಆಮದು ಕಲ್ಲಿದ್ದಲಿನ ಸ್ಥಾವರಗಳು ಪೂರ್ತಿ ಓಡಲೇಬೇಕೆಂದು ಆದೇಶ ಹೊರಡಿಸಬೇಕಾಯಿತು. ಇನ್ನೂ 1,600 ಮೆಗಾವ್ಯಾಟನ್ನು ಇದೇ ಕಲ್ಲಿದ್ದಲಿಗೆ ಕಟ್ಟಿಹಾಕಿ ಮತ್ತೆ 25 ವರ್ಷದ ಒಪ್ಪಂದ ಮಾಡಿಕೊಳ್ಳುವುದು ಜಾಣತನ ಅಂತ ನನಗೆ ಅನ್ನಿಸುವುದಿಲ್ಲ.

ಲೈನಿನ ಹೊರೆಯೂ ಊರಿನದ್ದೇ. ಇಲ್ಲಿಂದ ಹಾಸನದ ಶಾಂತಿಗ್ರಾಮಕ್ಕೆ 400 ಕೆವಿ ಲೈನು ಘಟ್ಟ ಹತ್ತಿ ಹೋಗಿದೆ. ಈಗ ಕಾಸರಗೋಡಿಗೆ ಇನ್ನೊಂದು 400 ಕೆವಿ ಲೈನು. ಕಾರ್ಕಳ ತಾಲೂಕಿನ ಇನ್ನಾದ ಕೃಷಿಕರು ತೋಟ ಉಳಿಸಿಕೊಳ್ಳಲು ಅದರ ವಿರುದ್ಧ ಬೀದಿಗಿಳಿದರು. ಅಡಿಕೆ, ತೆಂಗಿನ ತೋಟದ ಮೇಲೆ ಇಂಥ ಲೈನು ಹಾದುಹೋದರೆ ಅದರಡಿ ಎತ್ತರದ ಮರ ಬೆಳೆಸುವಂತಿಲ್ಲ. ವಿಸ್ತರಣೆ ಅಂದರೆ ಸ್ಥಾವರದ ಬೇಲಿಯೊಳಗೆ ಮಾತ್ರ ನಡೆಯುವ ವಿಷಯ ಅಲ್ಲ ಎಂಬುದನ್ನು ಇನ್ನಾದವರು ಚೆನ್ನಾಗಿ ತೋರಿಸಿಕೊಟ್ಟರು.

ಊರಿನವರು ಈಗಲೇ ಮಾಡಬಹುದಾದದ್ದು

ವಿಸ್ತರಣೆಯ ಪ್ರಸ್ತಾಪ ಮತ್ತೆ ಬಂದರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾಗುತ್ತದೆ. 30 ದಿನ ಮೊದಲು ನೋಟಿಸ್ ಕೊಡಬೇಕು, ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅಲ್ಲಿ ಕೂಗಾಡಿದ್ದು ಪತ್ರಿಕೆಯಲ್ಲಿ ಬರುತ್ತದೆ, ಬರೆದು ಕೊಟ್ಟದ್ದು ಕಡತದಲ್ಲಿ ಉಳಿಯುತ್ತದೆ. ಹಳೆಯ ಅನುಮತಿಯ ಷರತ್ತುಗಳನ್ನು ಎಷ್ಟು ಪಾಲಿಸಿದ್ದಾರೆ ಎಂಬ ವರದಿಯನ್ನು ಕಂಪನಿ ಆರು ತಿಂಗಳಿಗೊಮ್ಮೆ ಕೊಡಲೇಬೇಕು, ಅದು ಸಾರ್ವಜನಿಕ ದಾಖಲೆ. ಮೊದಲು ಅದನ್ನು ತರಿಸಿ ಓದಿ. ಹನಿ ತಡೆ, ಪೈಪು, ಬೂದಿ ಹೊಂಡ, ಎಫ್‌ಜಿಡಿ ಓಡಿದ ಗಂಟೆ, ಈ ನಾಲ್ಕರ ಬಗ್ಗೆ ಅದರಲ್ಲಿ ಏನಿದೆ ಅಂತ ನೋಡಿ. ಅದಕ್ಕೆ ತೃಪ್ತಿಕರ ಉತ್ತರ ಸಿಗುವ ತನಕ ಹೊಸ ಘಟಕದ ಚರ್ಚೆಗೆ ಕೂರುವುದಿಲ್ಲ ಅಂತ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ.

ಇನ್ನು ಬಾವಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಬಳಸಲು ವಿಜ್ಞಾನ ಓದಬೇಕಾಗಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಮಾತ್ರ 2,000 ತನಕ. ಕ್ಲೋರೈಡಿಗೆ 250, ಹಾಗೆಯೇ ಹೆಚ್ಚೆಂದರೆ 1,000. ಪ್ರತಿ ಮನೆಯವರೂ ತಿಂಗಳಿಗೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ಅಳೆದು ಪುಸ್ತಕದಲ್ಲಿ ಬರೆದಿಡಲಿ, ಬಾವಿಯ ನೀರಿನ ಮಟ್ಟವನ್ನೂ ಜೊತೆಗೆ. ಮಳೆಗಾಲ ಮುಗಿದ ಮೇಲೆ ಮತ್ತು ಮೇ ತಿಂಗಳಲ್ಲಿ ಮಾತ್ರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಸಾಕು. ಸಮುದ್ರ ಸಹಜವಾಗಿ ಒಳಬಂದದ್ದಾದರೆ ಬೇಸಿಗೆಯಲ್ಲಿ ದಡದ ಬಾವಿಗಳಲ್ಲಿ ಮೊದಲು ಏರುತ್ತದೆ. ಟವರಿಂದಲೋ ಪೈಪಿಂದಲೋ ಬಂದದ್ದಾದರೆ ಗಾಳಿಯ ದಿಕ್ಕಿನಲ್ಲಿ, ಪೈಪಿನ ಗೆರೆಯಲ್ಲಿ ಏರುತ್ತದೆ. ನೂರು ಬಾವಿಗಳ ಎರಡು ವರ್ಷದ ಅಂಕಿಯನ್ನು ನಕ್ಷೆಯ ಮೇಲೆ ಗುರುತು ಮಾಡಿದರೆ ಯಾವುದು ಅಂತ ಕಾಣುತ್ತದೆ.